ಒಂದೇ ಪೆಟ್ಟಿಗೆಯೋ, ಜೋಡಿ ಸ್ಪೀಕರೋ?

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಹಳ್ಳಿಯೊಂದರ ಹೆಂಚಿನ ಮನೆ. ನಡುಮನೆಯಲ್ಲಿದ್ದ ಹಳೆಯ ಕ್ಯಾಸೆಟ್–ಸಿಡಿ ಮ್ಯೂಸಿಕ್ ಸಿಸ್ಟಮ್ ಕಳೆದ ಮಳೆಗಾಲದಲ್ಲಿ ಕೆಟ್ಟು ಕೂತಿದೆ. ಎಂಬತ್ತು ದಾಟಿದ ತಂದೆಯವರಿಗೆ ತಾಳಮದ್ದಳೆ ಮತ್ತು ಧಾರವಾಡ ಆಕಾಶವಾಣಿ ಬೇಕು, ನನಗೆ ಹಿಂದೂಸ್ತಾನಿ ಗಾಯನ, ಮಕ್ಕಳಿಗೆ ಫೋನಿನ ಹಾಡು ಮತ್ತು ಟಿವಿ. ಬೆಂಗಳೂರಿನಲ್ಲಿರುವ ತಮ್ಮ ಒಂದೇ ಪೆಟ್ಟಿಗೆಯ ಬ್ಲೂಟೂತ್ ಸ್ಪೀಕರ್ ಸಾಕು ಎನ್ನುತ್ತಾನೆ. ಕಾರವಾರದ ಸ್ನೇಹಿತರು ಆಂಪ್ಲಿಫೈಯರ್ ಮತ್ತು ಎರಡು ಬಾಕ್ಸ್ ಇಲ್ಲದಿದ್ದರೆ ಅದು ಸಂಗೀತವೇ ಅಲ್ಲ ಎನ್ನುತ್ತಾರೆ. ಮನೆಯವರಿಗೆ ತಂತಿಯ ಗೋಜಲು ಬೇಡ. 25,000 ರೂಪಾಯಿಯೊಳಗೆ ಯಾವುದನ್ನು ಕೊಳ್ಳಬೇಕು?

ಉತ್ತರ: ನಿಮ್ಮ ಮನೆಗೆ ಹೊಂದುವುದು ಆಂಪ್ಲಿಫೈಯರ್ ತನ್ನೊಳಗೇ ಇರುವ, ಬ್ಲೂಟೂತ್ ಮತ್ತು ತಂತಿ ಎರಡರಿಂದಲೂ ಹಾಡು ಪಡೆಯುವ, ಐದು ಇಂಚಿನ ಆಸುಪಾಸಿನ ವೂಫರ್ (ತಗ್ಗು ಸ್ವರ ನುಡಿಸುವ ಭಾಗ) ಇರುವ ಒಂದು ಜೊತೆ ಚಿಕ್ಕ ಸ್ಪೀಕರ್. ಅಂಗಡಿಯಲ್ಲಿ ಇವನ್ನು ಪವರ್ಡ್ ಅಥವಾ ಆಕ್ಟಿವ್ ಬುಕ್‌ಶೆಲ್ಫ್ ಸ್ಪೀಕರ್ ಎಂದು ಕೇಳಿ. ಹೊಸದನ್ನು ಕೊಳ್ಳದೆಯೇ ಕೆಲಸ ಆಗುವ ಇನ್ನೊಂದು ದಾರಿಯೂ ಇದೆ, ಅದನ್ನು ಮುಂದೆ ವಿವರಿಸುತ್ತೇನೆ. ನಿಮ್ಮ ತಮ್ಮನವರು ಅನುಕೂಲದ ವಿಷಯದಲ್ಲಿ, ಸ್ನೇಹಿತರು ಧ್ವನಿಯ ವಿಷಯದಲ್ಲಿ ಸರಿಯಾಗಿಯೇ ಇದ್ದಾರೆ. ಇಬ್ಬರೂ ಬಿಟ್ಟದ್ದು ಒಂದೇ ಪ್ರಶ್ನೆ: ನಿಮ್ಮ ಮನೆಯಲ್ಲಿ ಕೇಳುವ ಯಾವ ಧ್ವನಿಗೆ ಚಿಕ್ಕ ಪೆಟ್ಟಿಗೆಯಿಂದ ನಷ್ಟವಾಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂಬುದು. ಇದನ್ನು ಬಗೆಹರಿಸಿಕೊಂಡರೆ ಹಣ ಎಲ್ಲಿ ಹಾಕಬೇಕೆಂಬುದು ತಾನಾಗಿ ತಿಳಿಯುತ್ತದೆ.

ಸ್ಪೀಕರ್ ಪೆಟ್ಟಿಗೆ ಕಟ್ಟುವವರ ವಲಯದಲ್ಲಿ ಹಾಫ್‌ಮನ್‌ನ ಕಬ್ಬಿಣದ ನಿಯಮ ಎಂದು ಹೆಸರಾದ ಒಂದು ಸೂತ್ರವಿದೆ. ಪೆಟ್ಟಿಗೆ ಚಿಕ್ಕದಿರಬೇಕು, ಬೇಸ್ (ತಗ್ಗು ಸ್ವರಗಳು) ಆಳಕ್ಕೆ ಇಳಿಯಬೇಕು, ಕಡಿಮೆ ವಿದ್ಯುತ್ತಿನಲ್ಲಿ ಜೋರಾಗಿ ಕೇಳಬೇಕು ಎಂಬ ಮೂರು ಆಸೆಗಳಲ್ಲಿ ಎರಡನ್ನು ಮಾತ್ರ ಈಡೇರಿಸಿಕೊಳ್ಳಬಹುದು, ಮೂರನೆಯದನ್ನು ಬಿಡಲೇಬೇಕು ಎಂಬುದು ಅದರ ಸಾರ. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆಯಿಂದ ಆಳವಾದ ಬೇಸ್ ಹೊರಡಿಸಿ ತೋರಿಸಿದಾಗ ಅವರು ಬಿಟ್ಟುಕೊಟ್ಟದ್ದು ಈ ಮೂರನೆಯದನ್ನೇ; ಅವರ ಸ್ಪೀಕರಿಗೆ ಅಂದಿನ ಲೆಕ್ಕದಲ್ಲಿ ದೊಡ್ಡ ಆಂಪ್ಲಿಫೈಯರ್ ಬೇಕಾಗುತ್ತಿತ್ತು. ಈಗ ಸುಮಾರು ತೊಂಬತ್ತು ಪ್ರತಿಶತ ದಕ್ಷತೆಯ ಕ್ಲಾಸ್ ಡಿ ಆಂಪ್ಲಿಫೈಯರ್ ಚಿಪ್‌ಗಳು ಅಗ್ಗದಲ್ಲಿ ಸಿಗುವುದರಿಂದ ವಿದ್ಯುತ್ ಶಕ್ತಿಯನ್ನು ಧಾರಾಳವಾಗಿ ಸುರಿಯಬಹುದು, ತೆಂಗಿನಕಾಯಿ ಗಾತ್ರದ ಪೆಟ್ಟಿಗೆಗಳೂ ಗುಡುಗುವುದು ಅದರಿಂದಲೇ. ಆದರೆ ಗಾಳಿಯನ್ನು ತಳ್ಳುವ ಕೋನಿನ ಗಾತ್ರಕ್ಕೆ ಚಿಪ್‌ನಿಂದ ಪರಿಹಾರವಿಲ್ಲ. ಒಂದು ಸ್ವರವನ್ನು ಅಷ್ಟೇ ಜೋರಿನಲ್ಲಿ ಒಂದು ಸಪ್ತಕ ಕೆಳಗೆ ನುಡಿಸಬೇಕಾದರೆ ಕೋನು ನಾಲ್ಕು ಪಟ್ಟು ಹೆಚ್ಚು ಹಿಂದೆಮುಂದೆ ಆಡಬೇಕು. ಎರಡು ಇಂಚಿನ ಕೋನಿಗೆ ಅಷ್ಟು ಜಾಗವೇ ಇರುವುದಿಲ್ಲ. ಐದು ಇಂಚಿನದರ ಕ್ಷೇತ್ರಫಲ ಅದರ ಆರು ಪಟ್ಟಿಗೂ ಮಿಗಿಲು, ಹಾಗಾಗಿ ಅದು ಸ್ವಲ್ಪವೇ ಆಡಿ ಅಷ್ಟೇ ಗಾಳಿಯನ್ನು ತಳ್ಳುತ್ತದೆ.

ಇದನ್ನು ಮರೆಮಾಚುವ ಜಾಣ್ಮೆಯೊಂದು ಇಂದಿನ ಚಿಕ್ಕ ಸ್ಪೀಕರ್‌ಗಳ ಒಳಗಿದೆ, ಅದನ್ನು ತಿಳಿದುಕೊಂಡು ಅಂಗಡಿಗೆ ಹೋಗುವುದು ಒಳ್ಳೆಯದು. ದನಿ ಸಣ್ಣದಿರುವಾಗ ಒಳಗಿನ ಸಂಸ್ಕಾರಕ (ಪ್ರೊಸೆಸರ್) ಬೇಸ್ ಅನ್ನು ಎತ್ತಿ ಕೊಡುತ್ತದೆ, ದನಿ ಏರಿಸಿದಂತೆ ಕೋನು ಹರಿಯದಿರಲೆಂದು ಅದೇ ಬೇಸ್ ಅನ್ನು ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ತಬಲಾ ಜೋಡಿಯಿರುವ ಯಾವುದಾದರೂ ಧ್ವನಿಮುದ್ರಣ ಹಾಕಿ ಗುಂಡಿಯನ್ನು ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ನಿಧಾನವಾಗಿ ತಿರುಗಿಸುತ್ತ ಹೋದರೆ ಇದು ಕಿವಿಗೆ ಸ್ಪಷ್ಟವಾಗಿ ಸಿಗುತ್ತದೆ. ಬಲಗೈಯ ಟಣಕು ಏರುತ್ತಲೇ ಹೋಗುತ್ತದೆ, ಎಡಗೈಯ ಡಗ್ಗಾದ ಪೆಟ್ಟು ಒಂದು ಹಂತದಲ್ಲಿ ನಿಂತುಬಿಡುತ್ತದೆ, ಆಮೇಲೆ ಅದು ದಪ್ಪ ಕಾಗದದ ಮೇಲೆ ಬೆರಳು ಬಡಿದ ಸದ್ದಾಗುತ್ತದೆ. ಅಂಗಡಿಯವರು ಸಣ್ಣ ದನಿಯಲ್ಲಿ, ಅದಕ್ಕೆಂದೇ ಆರಿಸಿದ ಸಿನಿಮಾ ಹಾಡು ಹಾಕಿ ತೋರಿಸುವುದರಿಂದ ಈ ಬದಲಾವಣೆ ಅಲ್ಲಿ ಗಮನಕ್ಕೆ ಬರುವುದೇ ಇಲ್ಲ.

ಈಗ ನೀವು ಕೇಳುವ ಸಂಗೀತಕ್ಕೆ ಬರೋಣ. ಗಂಡು ದನಿಯ ಗಾಯಕರು ಹೆಚ್ಚಾಗಿ ಹಿಡಿಯುವ ಕಪ್ಪು ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ) ಶ್ರುತಿಯಲ್ಲಿ ಮಧ್ಯ ಷಡ್ಜದ ಕಂಪನ ಸೆಕೆಂಡಿಗೆ ಸುಮಾರು 139 (ಅಂದರೆ 139 ಹರ್ಟ್ಸ್), ತಂಬೂರಿಯ ಖರ್ಜದ, ಎಂದರೆ ಮಂದ್ರ ಷಡ್ಜದ, ತಂತಿ ಅದರ ಅರ್ಧ, ಅಂದರೆ 69ರ ಹತ್ತಿರ. ಅಂಗೈಯಗಲದ ಬ್ಲೂಟೂತ್ ಸ್ಪೀಕರಿನಲ್ಲಿ 69ರ ಕಂಪನ ಹೊರಗೆ ಬರುವುದು ಬಹಳ ಕಡಿಮೆ. ಆದರೂ ನಿಮಗೆ ಖರ್ಜ ಕೇಳಿದಂತೆಯೇ ಆಗುತ್ತದೆ, ಏಕೆಂದರೆ ಮೂಲಸ್ವರ ಇಲ್ಲದಿದ್ದರೂ ಅದರ ಮೇಲಿನ ಉಪಸ್ವರಗಳು ಇದ್ದರೆ ಕಿವಿ ಮತ್ತು ಮಿದುಳು ಸೇರಿ ಮೂಲವನ್ನು ಊಹಿಸಿಕೊಳ್ಳುತ್ತವೆ. ತಂಬೂರಿಯಂತೂ ಉಪಸ್ವರಗಳ ಗಣಿ. ಅದರ ಕುದುರೆಯ ಬಾಗಿದ ಮೈ ಮತ್ತು ಜೀವಾಳದ ನೂಲಿನಿಂದ ಆ ಸಮೃದ್ಧಿ ಹೇಗೆ ಹುಟ್ಟುತ್ತದೆ ಎಂಬುದನ್ನು ಸಿ. ವಿ. ರಾಮನ್ 1921ರಲ್ಲೇ ಬರೆದಿದ್ದಾರೆ. ಆದ್ದರಿಂದ ಚಿಕ್ಕ ಸ್ಪೀಕರಿನಲ್ಲಿ ಶ್ರುತಿ ಕೆಡುವುದಿಲ್ಲ, ರಾಗವೂ ಕೆಡುವುದಿಲ್ಲ. ಕಳೆದುಹೋಗುವುದು ತಂಬೂರಿ ಗಾಯಕರ ಬೆನ್ನ ಹಿಂದೆ ಹಾಸಿಕೊಡುವ ನೆಲೆ, ಮತ್ತು ವಿಲಂಬಿತದಲ್ಲಿ ಸಮಕ್ಕೆ ಬರುವಾಗ ಡಗ್ಗಾ ಮಣಿಕಟ್ಟಿನಿಂದ ಒತ್ತಿಸಿಕೊಂಡು ಏಳುವ ಗುಮುಕು. ವಿಲಂಬಿತ ಲಯದ ಬಡಾ ಖ್ಯಾಲನ್ನು ಕೂತು ಕೇಳುವವರಿಗೆ ಇದು ಸಣ್ಣ ನಷ್ಟವಲ್ಲ. ಅಡುಗೆ ಮಾಡುತ್ತ ಭಜನೆ ಕೇಳುವವರಿಗೆ ಗೊತ್ತೇ ಆಗುವುದಿಲ್ಲ.

ತಾಳಮದ್ದಳೆಯ ವಿಷಯ ಪೂರ್ತಿ ಬೇರೆ. ಅಲ್ಲಿ ಮುಖ್ಯವಾದದ್ದು ಅರ್ಥಧಾರಿಗಳ ಮಾತು. ಮಾತಿನ ಅರ್ಥ ಹಿಡಿಯಲು ಬೇಕಾದ ವ್ಯಂಜನಗಳ ಸ್ಪಷ್ಟತೆ ಬಹುಪಾಲು ಎರಡರಿಂದ ನಾಲ್ಕು ಸಾವಿರ ಹರ್ಟ್ಸ್‌ಗಳ ನಡುವೆ ಇರುತ್ತದೆ, ವಯಸ್ಸಾದವರ ಕಿವಿ ಮೊದಲು ಮಂದವಾಗುವುದೂ ಎತ್ತರದ ಕಂಪನಗಳಲ್ಲಿಯೇ. ಹಳೆಯ ತಾಳಮದ್ದಳೆಗಳ ಧ್ವನಿಮುದ್ರಣಗಳು ಬಹುತೇಕ ಒಂದೇ ಮೈಕಿನ, ಒಂದೇ ಚಾನೆಲ್ಲಿನವು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾಗಿ ಬಂದವು. ಇಂಥದ್ದನ್ನು ಐವತ್ತು ಸಾವಿರದ ಜೋಡಿ ಸ್ಪೀಕರಿನಲ್ಲಿ ಕೇಳಿದರೆ ಹೆಚ್ಚು ಕೇಳಿಸುವುದು ಟೇಪಿನ ಸೀಟಿ ಮತ್ತು ಹಿನ್ನೆಲೆಯ ಗುಂಯ್‌ಗುಡುವಿಕೆ ಮಾತ್ರ. ನಿಮ್ಮ ತಂದೆಯವರಿಗೆ ಬೇಸ್ ಗುಂಡಿಯನ್ನು ಸ್ವಲ್ಪ ಇಳಿಸಿ, ಟ್ರೆಬಲ್ ಸ್ವಲ್ಪ ಏರಿಸಿ, ಸ್ಪೀಕರನ್ನು ಅವರ ಕುರ್ಚಿಯ ಹತ್ತಿರ ಇಟ್ಟರೆ, ಸಾಧಾರಣ ಬೆಲೆಯ ಒಂದೇ ಪೆಟ್ಟಿಗೆಯೂ ಸಾಕಾಗುತ್ತದೆ. ಈ ಒಂದು ವಿಷಯದಲ್ಲಿ ನಿಮ್ಮ ತಮ್ಮನವರ ಪರವಾಗಿ ನಾನು ತೀರ್ಪು ಕೊಡುತ್ತೇನೆ. ಯಕ್ಷಗಾನ ಮೇಳದ ಆಟದ ಧ್ವನಿಮುದ್ರಣವಾದರೆ ಸ್ವಲ್ಪ ಭಿನ್ನ. ಚಂಡೆಯ ಪೆಟ್ಟು ಒಂದು ಕ್ಷಣಕ್ಕೆ ಭಾಗವತರ ದನಿಗಿಂತ ಹತ್ತಿಪ್ಪತ್ತು ಡೆಸಿಬಲ್ (ಧ್ವನಿಯ ಜೋರಿನ ಅಳತೆ) ಮೇಲೇರಬಹುದು, ಹತ್ತು ಡೆಸಿಬಲ್ಲಿಗೆ ಹತ್ತು ಪಟ್ಟು, ಇಪ್ಪತ್ತಕ್ಕೆ ನೂರು ಪಟ್ಟು ವಿದ್ಯುತ್ ಬೇಕಾಗುತ್ತದೆ. ಚಿಕ್ಕ ಸ್ಪೀಕರ್ ಆ ಪೆಟ್ಟನ್ನು ಅದುಮಿ ಚಪ್ಪಟೆ ಮಾಡುತ್ತದೆ, ಚಂಡೆಯ ಬಿರುಸು ಹೋಗಿ ತಗಡು ಉಳಿಯುತ್ತದೆ.

ಇದೇ ಲೆಕ್ಕದಿಂದ ವಾಟ್‌ಗಳ ಮಾತನ್ನೂ ಮುಗಿಸಿಬಿಡಬಹುದು. ಸಾಮಾನ್ಯ ಬುಕ್‌ಶೆಲ್ಫ್ ಸ್ಪೀಕರ್ ಒಂದು ವಾಟ್‌ನಲ್ಲಿ ಒಂದು ಮೀಟರ್ ದೂರಕ್ಕೆ 85ರಿಂದ 88 ಡೆಸಿಬಲ್ ಕೊಡುತ್ತದೆ. ಎದುರು ಕೂತು ಮಾತಾಡುವವರ ದನಿ 60ರ ಆಸುಪಾಸು. ಎಂದರೆ ದಿನನಿತ್ಯದ ಕೇಳುವಿಕೆಗೆ ಒಂದು ವಾಟ್ ಕೂಡ ಪೂರ್ತಿ ಖರ್ಚಾಗುವುದಿಲ್ಲ, ಚಂಡೆಯಂಥ ಪೆಟ್ಟುಗಳಿಗಾಗಿ ಮೂವತ್ತರಿಂದ ಐವತ್ತು ನಿಜವಾದ ವಾಟ್ ಕೈಲಿದ್ದರೆ ಆಯಿತು. ಡಬ್ಬದ ಮೇಲೆ ಆರ್‌ಎಂಎಸ್ ಎಂದು ಬರೆದ ಅಂಕಿಯನ್ನು, ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿಯನ್ನು, ಮಾತ್ರ ನೋಡಿ. ಪಿಎಂಪಿಒ ಎಂದು ಸಾವಿರಗಟ್ಟಲೆ ಬರೆದದ್ದಕ್ಕೆ ಯಾವ ಅರ್ಥವೂ ಇಲ್ಲ.

ಸ್ನೇಹಿತರು ಎರಡು ಬಾಕ್ಸ್ ಎಂದು ಹಟ ಹಿಡಿಯುವುದಕ್ಕೆ ಬೇಸ್ ಅಲ್ಲದೆ ಇನ್ನೊಂದು ಕಾರಣವಿದೆ. ಎರಡು ಸ್ಪೀಕರ್ ಮತ್ತು ಕೇಳುವವರು ಸಮಬಾಹು ತ್ರಿಕೋನದ ಮೂರು ತುದಿಗಳಲ್ಲಿದ್ದಾಗ ಗಾಯಕರು ನಡುವೆ, ತಬಲಾ ಒಂದು ಪಕ್ಕ, ಹಾರ್ಮೋನಿಯಂ ಇನ್ನೊಂದು ಪಕ್ಕ ಕೂತಂತೆ ಧ್ವನಿ ಬಿಡಿಬಿಡಿಯಾಗಿ ಹರಡಿಕೊಳ್ಳುತ್ತದೆ. ಒಂದರ ಮೇಲೊಂದು ಬೀಳದೆ ಪ್ರತಿಯೊಂದನ್ನೂ ಕಿವಿ ಬೇರೆಯಾಗಿ ಹಿಡಿಯುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಎಡ–ಬಲದ ಕೋನುಗಳ ನಡುವೆ ಗೇಣು ಅಂತರವಿದ್ದರೆ, ಮೂರು ಮೀಟರ್ ದೂರದಿಂದ ಅದು ಒಂದು ಬಿಂದುವೇ. ಟಿವಿಯ ಕೆಳಗಿಡುವ 90 ಸೆಂಟಿಮೀಟರಿನ ಸೌಂಡ್‌ಬಾರ್ ಕೂಡ ಆ ದೂರಕ್ಕೆ 17 ಡಿಗ್ರಿಯಷ್ಟೇ ಹರಡುತ್ತದೆ, ತ್ರಿಕೋನಕ್ಕೆ ಬೇಕಾದದ್ದು 60. ಸೌಂಡ್‌ಬಾರ್‌ಗೆ ಇನ್ನೊಂದು ಕೊರತೆಯೂ ಇದೆ: ಬಾರಿನೊಳಗಿನ ಕೋನುಗಳು ತೀರಾ ಚಿಕ್ಕವಾದ್ದರಿಂದ ಅನೇಕ ಮಾದರಿಗಳಲ್ಲಿ 150 ಹರ್ಟ್ಸ್‌ಗಿಂತ ಮೇಲಿನ ಧ್ವನಿಯನ್ನೂ ಮೂಲೆಯಲ್ಲಿಡುವ ಬೇಸ್ ಪೆಟ್ಟಿಗೆಯಾದ ಸಬ್‌ವೂಫರಿಗೆ ದಾಟಿಸುತ್ತಾರೆ. ಆಗ ಗಂಡು ದನಿಯ ಮಂದ್ರ ಒಂದು ಮೂಲೆಯಿಂದ, ಉಳಿದದ್ದು ಟಿವಿಯ ಕೆಳಗಿನಿಂದ ಬರುತ್ತದೆ. ಸಿನಿಮಾಕ್ಕೆ ಇದು ತೊಂದರೆಯಾಗದು, ಖ್ಯಾಲಿಗೆ ಆಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಅನುಕೂಲವನ್ನು ನಾನು ಎರಡನೆಯ ದರ್ಜೆಯ ಗುಣವೆಂದು ಎಣಿಸುವುದಿಲ್ಲ. ಒಂದು ಹಾಡು ಕೇಳಲು ಪ್ಲಗ್ ಪಾಯಿಂಟಿನ ಸ್ವಿಚ್ಚು, ಆಂಪ್ಲಿಫೈಯರಿನ ಸ್ವಿಚ್ಚು, ಇನ್‌ಪುಟ್ ಆರಿಸುವ ಗುಂಡಿ, ಆಮೇಲೆ ಫೋನು ಎಂದು ನಾಲ್ಕು ಹೆಜ್ಜೆ ಇದ್ದರೆ, ಆ ವ್ಯವಸ್ಥೆ ಮೊದಲ ತಿಂಗಳು ಹಾಡಿ ಆಮೇಲೆ ಕಸೂತಿಯ ಬಟ್ಟೆ ಹೊದ್ದು ಕೂರುತ್ತದೆ. ನಮ್ಮ ಕಡೆಯ ಎಷ್ಟೋ ನಡುಮನೆಗಳಲ್ಲಿ ಹಾಗೆ ಕೂತ ಒಳ್ಳೆಯ ಸಿಸ್ಟಮ್‌ಗಳನ್ನು ನೋಡಿದ್ದೇನೆ. ಮನೆಯಲ್ಲಿ ಯಂತ್ರಗಳ ಗೊಡವೆ ಎಲ್ಲರಿಗಿಂತ ಕಡಿಮೆ ಇರುವವರು ಯಾರೋ ಅವರು ಯಾರನ್ನೂ ಕೂಗದೆ ಅದನ್ನು ಹಚ್ಚಿ ಆರಿಸುವಂತಿರಬೇಕು, ನಿಮ್ಮ ಮನೆಯಲ್ಲಿ ಅವರು ನಿಮ್ಮ ತಂದೆಯವರು. ಆದ್ದರಿಂದ ಕೊಳ್ಳುವ ಸ್ಪೀಕರಿನ ಮುಂಭಾಗದಲ್ಲೋ ಪಕ್ಕದಲ್ಲೋ ಕೈಗೆ ಸಿಗುವ, ತಿರುಗಿಸುವ ಗುಂಡಿ ಇರಲೇಬೇಕು. ಅಂಗುಲದ ರಿಮೋಟು ಮತ್ತು ಫೋನಿನ ಆ್ಯಪ್ ಇದ್ದರೆ ಇರಲಿ, ಅವೇ ಗತಿ ಎಂಬಂತಿದ್ದರೆ ಬೇಡ. ತಯಾರಕರು ಆ್ಯಪ್ ಅನ್ನು ಕೈಬಿಟ್ಟ ದಿನ ಅಂಥ ಸ್ಪೀಕರಿನ ಅರ್ಧ ಕೆಲಸ ನಿಂತುಹೋಗುತ್ತದೆ.

ಬ್ಲೂಟೂತಿನ ಬಗ್ಗೆ ಸ್ನೇಹಿತರ ಆಕ್ಷೇಪ ಸ್ವಲ್ಪ ಹಳೆಯದು. ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಇದ್ದರೆ ಬ್ಲೂಟೂತಿನ ಸಾಮಾನ್ಯ ಎಸ್‌ಬಿಸಿ ವಿಧಾನದಲ್ಲಿ ಸುಮಾರು 328, ಸೋನಿಯವರ ಎಲ್‌ಡಿಎಸಿಯಲ್ಲಿ ಗರಿಷ್ಠ 990 ಎಂಬುದು ನಿಜ. ಆದರೆ ನೀವು ಯೂಟ್ಯೂಬಿನಲ್ಲಿ ಕೇಳುವ ಬೈಠಕ್ಕು ಫೋನಿಗೆ ಬರುವ ಹೊತ್ತಿಗೇ ನೂರಿಪ್ಪತ್ತೆಂಟರಿಂದ ನೂರರವತ್ತು ಕಿಲೋಬಿಟ್ಟಿನ ಮಟ್ಟಕ್ಕೆ ಇಳಿದಿರುತ್ತದೆ. ಅದನ್ನು ಬ್ಲೂಟೂತಿನಲ್ಲಿ ಸ್ಪೀಕರಿಗೆ ಕಳಿಸಿದರೆ ಮತ್ತೆ ಆಗುವ ನಷ್ಟ ನಡುಮನೆಯ ಫ್ಯಾನಿನ ಸದ್ದಿನಲ್ಲಿ ಮುಚ್ಚಿಹೋಗುವಷ್ಟು ಸಣ್ಣದು. ಚಿಕ್ಕ ಪೆಟ್ಟಿಗೆಯಲ್ಲಿ ಧ್ವನಿ ಬಡವಾಗುವುದು ಪೆಟ್ಟಿಗೆಯ ಗಾತ್ರದಿಂದ. ಆ ಅಪವಾದವನ್ನು ಬ್ಲೂಟೂತಿನ ತಲೆಗೆ ಕಟ್ಟುತ್ತಾರೆ.

ಬ್ಲೂಟೂತಿನ ನಿಜವಾದ ಕಿರಿಕಿರಿ ಬೇರೆ ಕಡೆ ಇದೆ. ಆಲಾಪದ ನಡುವೆ ಫೋನು ರಿಂಗಣಿಸುತ್ತದೆ. ಫೋನು ಕಿಸೆಯಲ್ಲಿಟ್ಟುಕೊಂಡು ನೀವು ತೋಟಕ್ಕೆ ಇಳಿದರೆ, ಮಣ್ಣಿನದೋ ಚಿರೇಕಲ್ಲಿನದೋ ಎರಡು ದಪ್ಪ ಗೋಡೆ ದಾಟುವಷ್ಟರಲ್ಲಿ ಮನೆಯೊಳಗಿನ ಹಾಡು ತುಂಡಾಗುತ್ತದೆ. ಅನೇಕ ಮಾದರಿಗಳಲ್ಲಿ ಒಬ್ಬರ ಫೋನು ಜೋಡಿಸಿಕೊಂಡಿದ್ದರೆ ಇನ್ನೊಬ್ಬರದು ಸೇರುವುದಿಲ್ಲ. ಟಿವಿಯನ್ನು ಬ್ಲೂಟೂತಿನಿಂದ ಜೋಡಿಸಿದರೆ ಧ್ವನಿ ಒಂದೆರಡು ದಶಾಂಶ ಸೆಕೆಂಡು ಹಿಂದೆ ಬಿದ್ದು ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಇವಕ್ಕೆಲ್ಲ ಸರಳವಾದ ಉಪಾಯ, ಮನೆಯಲ್ಲಿ ಬಿದ್ದಿರುವ ಹಳೆಯ ಫೋನೊಂದನ್ನು ಸಿಮ್ ತೆಗೆದು ಸ್ಪೀಕರಿನ ಪಕ್ಕದಲ್ಲಿ ಕಾಯಂ ಆಗಿ ಇಡುವುದು. ಮೆಮರಿ ಕಾರ್ಡಿಗೆ ಜಾಗವಿರುವ ಫೋನಾದರೆ ಇನ್ನೂ ಒಳ್ಳೆಯದು. 128 ಕಿಲೋಬಿಟ್ಟಿನ ಧ್ವನಿ ತಾಸಿಗೆ 58 ಎಂಬಿಯಷ್ಟೇ ಜಾಗ ಹಿಡಿಯುವುದರಿಂದ 64 ಜಿಬಿಯ ಕಾರ್ಡಿನಲ್ಲಿ ಸಾವಿರ ತಾಸಿಗೂ ಹೆಚ್ಚಿನ ತಾಳಮದ್ದಳೆ ಮತ್ತು ಗಾಯನ ಕೂರುತ್ತದೆ; ಆಷಾಢದ ಮಳೆಯಲ್ಲಿ ನೆಟ್‌ವರ್ಕ್ ನಾಲ್ಕು ದಿನ ಕಾಣೆಯಾದರೂ ಕೇಳುವುದು ನಿಲ್ಲುವುದಿಲ್ಲ. ಆ ಫೋನನ್ನು ಇಯರ್‌ಫೋನಿಗಿರುವಂಥ ಮೂರೂವರೆ ಮಿಲಿಮೀಟರಿನ ಪಿನ್ನಿರುವ ತಂತಿಯಿಂದ ಜೋಡಿಸಿ. ಟಿವಿಗೆ ಎಚ್‌ಡಿಎಂಐ ಎಆರ್‌ಸಿ (ಟಿವಿಯ ಧ್ವನಿಯನ್ನು ಸ್ಪೀಕರಿಗೆ ತರುವ) ಕಿಂಡಿಯಿರುವ ಸ್ಪೀಕರ್ ಸಿಕ್ಕರೆ ಟಿವಿಯ ರಿಮೋಟಿನಿಂದಲೇ ಸ್ಪೀಕರ್ ಹೊತ್ತಿ, ಆರಿ, ದನಿ ಏರಿಳಿಯುತ್ತದೆ. ಈ ಒಂದು ಅನುಕೂಲಕ್ಕೆ ಎರಡು ಸಾವಿರ ಹೆಚ್ಚು ಕೊಡುವುದು ದುಂದಲ್ಲ ಎಂಬುದು ನನ್ನ ಅಭಿಪ್ರಾಯ.

ಆಕಾಶವಾಣಿಯ ವಿಷಯದಲ್ಲಿ ಎಚ್ಚರ ಬೇಕು. ಬ್ಲೂಟೂತ್ ಸ್ಪೀಕರುಗಳಲ್ಲಿ ರೇಡಿಯೋ ಇದೆ ಎಂದರೆ ಸಾಮಾನ್ಯವಾಗಿ ಎಫ್‌ಎಂ ಮಾತ್ರ, ನಮ್ಮ ಹಿರಿಯರು ದಶಕಗಳ ಕಾಲ ಧಾರವಾಡವನ್ನು ಕೇಳುತ್ತ ಬಂದದ್ದು ಮಧ್ಯಮ ತರಂಗದಲ್ಲಿ. ಅದಕ್ಕೆ ಸೆಲ್ ಹಾಕುವ ಹಳೆಯ ಮಾದರಿಯ ಟ್ರಾನ್ಸಿಸ್ಟರೇ ಆಗಬೇಕು, ಮೊಬೈಲ್ ಚಾರ್ಜರ್ ಮತ್ತು ಎಲ್‌ಇಡಿ ದೀಪದ ಹತ್ತಿರ ಇಟ್ಟರೆ ಅದು ಗೊರಗೊರ ಎನ್ನುತ್ತದೆ ಎಂಬುದೂ ನೆನಪಿರಲಿ. ಇಲ್ಲವಾದರೆ ಆಕಾಶವಾಣಿಯ ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಪ್ರಾದೇಶಿಕ ಕೇಂದ್ರಗಳ ನೇರಪ್ರಸಾರ ಬರುತ್ತದೆ, ನೆಟ್ ಇರುವ ದಿನಗಳಲ್ಲಿ ಅದನ್ನೇ ಸ್ಪೀಕರಿಗೆ ಕೊಡಬಹುದು.

ಸ್ಪೀಕರನ್ನು ಎಲ್ಲಿಡುತ್ತೀರಿ ಎಂಬುದು ಎಷ್ಟು ಹಣ ಕೊಟ್ಟಿರಿ ಎಂಬುದರಷ್ಟೇ ಮುಖ್ಯ, ಅದಕ್ಕೆ ಖರ್ಚೂ ಇಲ್ಲ. ಗೋಡೆಗೆ ತಾಗಿಸಿಟ್ಟರೆ ಬೇಸ್ ಹೆಚ್ಚುತ್ತದೆ, ಮೂಲೆಗೆ ತಳ್ಳಿದರೆ ಇನ್ನೂ ಹೆಚ್ಚುತ್ತದೆ. ಹಳೆಯ ಮನೆಗಳ ಗೋಡೆಗೂಡಿನೊಳಗೆ ತುರುಕಿದರೆ ದನಿ ಡಬ್ಬದೊಳಗಿಂದ ಬಂದಂತಾಗುತ್ತದೆ, ಆ ತಪ್ಪನ್ನು ಮಾತ್ರ ಮಾಡಬೇಡಿ. ಹೆಂಚಿನ ಮನೆಯವರಾದ ನಿಮಗೆ ಒಂದು ಅದೃಷ್ಟವಿದೆ. ಹೆಂಚಿನ ಸಂದುಗಳಿಂದ, ತೆರೆದ ಬಾಗಿಲು ಕಿಟಕಿಗಳಿಂದ ತಗ್ಗು ಕಂಪನಗಳು ಹೊರಗೆ ಹರಿದುಹೋಗುತ್ತವೆ. ಮರದ ಮುಚ್ಚಿಗೆ ಮತ್ತು ಮಣ್ಣಿನ ಗೋಡೆ ಧ್ವನಿಯನ್ನು ಅಷ್ಟಾಗಿ ಗುಂಯ್‌ಗುಡಿಸುವುದಿಲ್ಲ. ಅದೇ ಹತ್ತು–ಹನ್ನೆರಡು ಅಡಿಯ ಆರ್‌ಸಿಸಿ ಕೋಣೆಯಲ್ಲಿ, ನೆಲಕ್ಕೆ ನುಣುಪು ಟೈಲ್ಸ್ ಇದ್ದರೆ, 47 ಮತ್ತು 56 ಹರ್ಟ್ಸ್‌ಗಳ ಹತ್ತಿರ ಗಾಳಿ ಗೋಡೆಯಿಂದ ಗೋಡೆಗೆ ತೂಗಾಡಿ ಕೆಲವು ಸ್ವರಗಳು ಮಾತ್ರ ಉಬ್ಬುತ್ತವೆ. ಅಲ್ಲಿ ಕಾರವಾರದ ಸ್ನೇಹಿತರ ದೊಡ್ಡ ಬಾಕ್ಸ್ ವರವಾಗುವ ಬದಲು ಕಾಟವೇ ಆಗಬಹುದು. ನಿಮ್ಮ ಕಡೆ ಸಮಸ್ಯೆ ಇದರ ತಿರುಗುಮುರುಗು: ಬೇಸ್ ಸೋರಿಹೋಗುತ್ತದೆ, ಆದ್ದರಿಂದ ಸ್ಪೀಕರುಗಳ ಬೆನ್ನು ಗೋಡೆಯಿಂದ ಗೇಣು ದೂರದಲ್ಲಿದ್ದರೆ ಸಾಕು. ಕೋನುಗಳು ಕೂತವರ ಕಿವಿಯ ಎತ್ತರಕ್ಕಿರಲಿ, ಎರಡರ ನಡುವೆ ಆರೇಳು ಅಡಿ ಅಂತರವಿರಲಿ.

ಹೀಗೆ ದೂರವಿಟ್ಟಾಗ ಎರಡು ಪೆಟ್ಟಿಗೆಗಳ ನಡುವೆ ಒಂದು ತಂತಿ ಬೇಕೇ ಬೇಕು, ಮನೆಯವರ ಆಕ್ಷೇಪ ಇರುವುದೂ ಬಹುಶಃ ಅದಕ್ಕೇ. ತಂತಿಯನ್ನು ಗೋಡೆಯ ಬುಡದಲ್ಲಿ ಪಿವಿಸಿ ಪಟ್ಟಿಯೊಳಗೆ ಹಾಯಿಸಿದರೆ ಕಣ್ಣಿಗೂ ಬೀಳುವುದಿಲ್ಲ, ಇಲಿಯ ಬಾಯಿಗೂ ಸಿಗುವುದಿಲ್ಲ. ಡಬ್ಬದಲ್ಲಿ ಕೊಟ್ಟ ತಂತಿ ಗಿಡ್ಡವಾದರೆ ದುಬಾರಿ ಸ್ಪೀಕರ್ ಕೇಬಲ್ ಹುಡುಕಬೇಕಿಲ್ಲ. ಶಿರಸಿ ಪೇಟೆಯ ಯಾವುದೇ ಇಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ಎಳೆಎಳೆ ತಂತಿ ಐದು ಮೀಟರ್ ದೂರಕ್ಕೆ ಹೋಗಿ ಬರುವಾಗ ಒಡ್ಡುವ ರೋಧ 0.12 ಓಮ್ ಮಾತ್ರ, ಎಂಟು ಓಮ್ ಸ್ಪೀಕರಿನೆದುರು ಅದು ಲೆಕ್ಕಕ್ಕಿಲ್ಲ. ಮನೆಯವರು ಎಷ್ಟಾದರೂ ತಂತಿ ಬೇಡವೆಂದರೆ ಒಂದೇ ಮಾದರಿಯ ಎರಡು ಬ್ಲೂಟೂತ್ ಸ್ಪೀಕರ್ ಕೊಂಡು ಎಡ–ಬಲವಾಗಿ ಜೋಡಿಸುವ ಸೌಲಭ್ಯ ಕೆಲವು ಮಾದರಿಗಳಲ್ಲಿದೆ. ಸ್ಟೀರಿಯೋ ಸಿಗುತ್ತದೆ, ಆಳದ ಬೇಸ್ ಸಿಗುವುದಿಲ್ಲ, ಎರಡಕ್ಕೂ ಚಾರ್ಜ್ ನೋಡಿಕೊಳ್ಳಬೇಕು.

ಬ್ಯಾಟರಿಯ ಚಿಕ್ಕ ಸ್ಪೀಕರಿಗೂ ನಿಮ್ಮ ಮನೆಯಲ್ಲಿ ಜಾಗವಿದೆ ಎಂದೇ ನಾನು ಹೇಳುವುದು. ಕೊನೆಕೊಯ್ಲಿನ ದಿನಗಳಲ್ಲಿ ಅಂಗಳದಲ್ಲೋ ಜಗುಲಿಯಲ್ಲೋ ಕೂತು ತಡರಾತ್ರಿಯವರೆಗೆ ಅಡಿಕೆ ಸುಲಿಯುವಾಗ ನಡುಮನೆಯ ಜೋಡಿ ಸ್ಪೀಕರ್ ಯಾವ ಕೆಲಸಕ್ಕೂ ಬರುವುದಿಲ್ಲ. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆ ಧ್ವನಿ ಆರು ಡೆಸಿಬಲ್ ಇಳಿಯುವುದರಿಂದ ಸುಲಿಯುವವರ ನಡುವೆಯೇ ಇಡಬಹುದಾದ ಎರಡು ಮೂರು ಸಾವಿರದ ಪೆಟ್ಟಿಗೆ ಅಲ್ಲಿ ದೊಡ್ಡದಕ್ಕಿಂತ ಹೆಚ್ಚು ಉಪಯುಕ್ತ. ತಂದೆಯವರ ತಾಳಮದ್ದಳೆಗೂ ಅದೇ ಆಯಿತು. ಅದರ ಲಿಥಿಯಂ ಬ್ಯಾಟರಿ ನಾಲ್ಕೈದು ನೂರು ಬಾರಿ ಚಾರ್ಜ್ ಆದ ಮೇಲೆ ಸೊರಗುವುದು ಸಹಜ, ಹಾಗಾಗಿ ಅದಕ್ಕೆ ಹೆಚ್ಚು ಹಣ ಸುರಿಯಬೇಡಿ.

ಇನ್ನು ಮಳೆ ಮತ್ತು ಕರೆಂಟು. ಮುಂಗಾರಿನ ಮುಂಚಿನ ಸಿಡಿಲಿಗೆ ನಮ್ಮ ಕಡೆ ಹೋಗುವಷ್ಟು ಟಿವಿ, ಮೋಡೆಮ್, ಆಂಪ್ಲಿಫೈಯರ್ ಬೇರೆ ಯಾವ ಕಾರಣಕ್ಕೂ ಹೋಗುವುದಿಲ್ಲ. ಸರ್ಜ್ ಪ್ರೊಟೆಕ್ಟರ್ ಸಣ್ಣ ಏರಿಳಿತಕ್ಕೆ ಸರಿ, ಹತ್ತಿರದ ಸಿಡಿಲಿಗೆ ಪ್ಲಗ್ ಕಿತ್ತಿಡುವುದೊಂದೇ ದಾರಿ, ಕಿತ್ತಿಡುವಾಗ ಟಿವಿಯಿಂದ ಬಂದ ಎಚ್‌ಡಿಎಂಐ ತಂತಿಯನ್ನೂ ತೆಗೆಯಬೇಕು. ಪ್ಲಗ್ಗು ಅಲಮಾರಿಯ ಹಿಂದಿದ್ದರೆ ಮಧ್ಯರಾತ್ರಿ ಯಾರೂ ಎದ್ದು ಕೀಳುವುದಿಲ್ಲವಾದ್ದರಿಂದ ಅದನ್ನು ಕೈಗೆಟಕುವಂತೆ ಇಡಿ. ಅಡಾಪ್ಟರಿನ ಮೇಲೆ 100–240 ವೋಲ್ಟ್ ಎಂದು ಬರೆದಿರುವ ಸ್ಪೀಕರ್ ಆರಿಸಿದರೆ ಸಂಜೆಯ ಕಡಿಮೆ ವೋಲ್ಟೇಜಿನಲ್ಲೂ ಹಾಡುತ್ತದೆ. ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಮಾದರಿಯ ಆಂಪ್ಲಿಫೈಯರುಗಳು ಚೌಕ ತರಂಗದ ಅಗ್ಗದ ಇನ್ವರ್ಟರಿನಲ್ಲಿ ಝೇಂಕರಿಸುತ್ತವೆ. ತೇವದ ವಿಷಯದಲ್ಲಿ ನೋಡಬೇಕಾದದ್ದು ಕೋನಿನ ಅಂಚು. ಫೋಮಿನ ಅಂಚು ನಮ್ಮ ಹವೆಯಲ್ಲಿ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ, ರಬ್ಬರಿನದು ಬಾಳುತ್ತದೆ. ಪೆಟ್ಟಿಗೆಗೆ ಬೂಷ್ಟು ಹಿಡಿಯದಿರಲು ಮಳೆಗಾಲದಲ್ಲಿ ದಿನವೂ ಸ್ವಲ್ಪ ಹೊತ್ತು ಹಚ್ಚುವುದು ಉತ್ತಮ, ಒಳಗಿನ ಬಿಸಿಯೇ ತೇವವನ್ನು ಓಡಿಸುತ್ತದೆ. ಕಾರವಾರ, ಅಂಕೋಲೆಯ ಕಡಲಂಚಿನ ಮನೆಗಳಲ್ಲಿ ಉಪ್ಪುಗಾಳಿ ಪಿನ್ನುಗಳ ಮೇಲೆ ಕಿಲುಬು ಹತ್ತಿಸುವುದರಿಂದ ನಿಮ್ಮ ಸ್ನೇಹಿತರು ವರ್ಷಕ್ಕೊಮ್ಮೆಯಾದರೂ ಎಲ್ಲ ಜೋಡಣೆಗಳನ್ನು ಕಿತ್ತು ಒರೆಸಿ ಮತ್ತೆ ಸಿಕ್ಕಿಸಬೇಕು.

ಬಿಡಿ ಆಂಪ್ಲಿಫೈಯರ್ ಮತ್ತು ಬಿಡಿ ಬಾಕ್ಸುಗಳ ಪರವಾಗಿ ಉಳಿಯುವ ಗಟ್ಟಿ ವಾದ ರಿಪೇರಿಯದು. ಒಂದು ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು, ಆಕ್ಟಿವ್ ಸ್ಪೀಕರಿನ ಒಳಗಿನ ಬೋರ್ಡು ಸುಟ್ಟರೆ ಇಡೀ ಜೋಡಿ ಮೂಲೆಗೆ ಬೀಳಬಹುದು. ನಿಮ್ಮ ವಿಷಯದಲ್ಲಿ ಈ ವಾದಕ್ಕೆ ವಿಶೇಷ ಬೆಲೆ ಇದೆ, ಮೊದಲು ಹೇಳಿದ ಇನ್ನೊಂದು ದಾರಿಯೂ ಇದೇ. ಕೆಟ್ಟಿರುವುದು ಹಳೆಯ ಸಿಸ್ಟಮ್ಮಿನ ನಡುವಿನ ಯಂತ್ರವೇ ಇರಬೇಕು, ಅದರ ಎರಡು ಬಾಕ್ಸುಗಳು ಚೆನ್ನಾಗಿಯೇ ಇರುವ ಸಾಧ್ಯತೆ ಹೆಚ್ಚು. ಮುಂದಿನ ಬಟ್ಟೆಯ ಜಾಲಿ ತೆಗೆದು ಕೋನಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ಪುಡಿ ಉದುರದೆ ಮೆತ್ತಗೆ ಒಳಹೋಗಿ ಹಿಂದೆ ಬಂದರೆ, ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಸೆಲ್ಲನ್ನು ಆ ಬಾಕ್ಸಿನ ಎರಡು ತಂತಿಗಳಿಗೆ ಅರೆಕ್ಷಣ ತಾಗಿಸಿ. ಟಪ್ ಎಂದು ಸದ್ದಾಗಿ ಕೋನು ಅಲುಗಿದರೆ ವೂಫರಿನ ಸುರುಳಿ ಜೀವಂತವಿದೆ. ಕಿರಕಿರ ಎಂದು ಉಜ್ಜಿದ ಸದ್ದು ಬಂದರೆ ಸುರುಳಿ ಒಳಗೆ ಓರೆಯಾಗಿದೆ, ಆ ಬಾಕ್ಸನ್ನು ಬಿಟ್ಟುಬಿಡಿ. ಎರಡೂ ಸರಿಯಿದ್ದರೆ ಹಿಂಭಾಗದ ಚೀಟಿಯಲ್ಲಿ ಎಷ್ಟು ಓಮ್ ಎಂದು ಬರೆದಿದೆ ಎಂಬುದನ್ನು ನೋಡಿಕೊಂಡು, ಅಷ್ಟು ಓಮಿನ ಸ್ಪೀಕರನ್ನು ನಡೆಸಬಲ್ಲ, ಬ್ಲೂಟೂತ್ ಮತ್ತು ತಿರುಗಿಸುವ ಗುಂಡಿ ಇರುವ ಅಂಗೈಯಗಲದ ಕ್ಲಾಸ್ ಡಿ ಆಂಪ್ಲಿಫೈಯರ್ ಒಂದನ್ನು ತರಿಸಿ. ನಿಮ್ಮ ಬಜೆಟ್ಟಿನ ಸಣ್ಣ ಪಾಲಿನಲ್ಲಿ ಅದು ಸಿಗುತ್ತದೆ. ಅದನ್ನು ಹಚ್ಚಿ ಒಂದು ಮಳೆಗಾಲ ಕಳೆಯಿರಿ. ಆಮೇಲೂ ಬಡಾ ಖ್ಯಾಲಿನಲ್ಲಿ ಏನೋ ಸಾಲದು ಎನಿಸಿದರೆ ಹೊಸ ಜೋಡಿಗೆ ಬೇಕಾದ ಹಣ ನಿಮ್ಮ ಕೈಯಲ್ಲೇ ಇರುತ್ತದೆ, ಆಗ ಆಂಪ್ಲಿಫೈಯರ್ ಇಲ್ಲದ ಬಿಡಿ ಬಾಕ್ಸುಗಳನ್ನು ಆರಿಸಿಕೊಂಡರೆ ಈ ಆಂಪ್ಲಿಫೈಯರೂ ಅವಕ್ಕೆ ಬರುತ್ತದೆ.